ಮೆತ್ತಗಿನ ಏಟು

ಮುದ್ದಯ್ಯ ವಸ್ತಾದರ ಗರಡಿ ಹೊಳೆ ದಂಡೆಯ ಮೇಲಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಳಗೆ ಹದ ಮಾಡಿದ ಕೆಂಪು ಮಣ್ಣು. ಅಷ್ಟೇ. ಕುಸ್ತಿ ಕಲಿಸುವ ಗರಡಿಗಳು ಸುತ್ತಮುತ್ತ ಬೇಕಾದಷ್ಟಿದ್ದವು. ದೊಣ್ಣೆವರಸೆ ಕಲಿಯಬೇಕು ಅಂದರೆ ಮಾತ್ರ ಇವರ ಬಾಗಿಲಿಗೇ ಬರಬೇಕಿತ್ತು.

ಆ ಗರಡಿಗೊಂದು ಕಟ್ಟಳೆ. ಸೇರಿದ ದಿನವೇ ಗುರುಗಳು ಇಬ್ಬಿಬ್ಬರನ್ನು ಜೋಡಿ ಮಾಡಿಬಿಡುವರು. ಆಮೇಲೆ ಜೋಡಿ ಬದಲಾಗುವಂತಿಲ್ಲ. ಒಬ್ಬ ಬಾರದ ದಿನ ಇನ್ನೊಬ್ಬನಿಗೂ ಆಟವಿಲ್ಲ, ಕಸ ಗುಡಿಸಬೇಕು. ಒಬ್ಬ ಗರಡಿ ಬಿಟ್ಟರೆ ಇನ್ನೊಬ್ಬನೂ ಬಿಟ್ಟ ಹಾಗೆಯೇ.

"ಗಂಡ ಹೆಂಡಿರಾದರೂ ಬೇರೆಯಾದಾರು, ಈ ಗರಡಿಯ ಜೋಡಿ ಆಗೋದಿಲ್ಲಪ್ಪ" ಎಂದು ಊರವರು ನಗುತ್ತಿದ್ದರು.

ಚಲುವ ಮತ್ತು ಜವರ ಅಂಥದೊಂದು ಜೋಡಿ. ಚಲುವ ಮಡಕೆ ಸುಡುವವನು, ಜವರ ಬುಟ್ಟಿ ಹೆಣೆಯುವವನು. ಆರು ವರ್ಷದಿಂದ ಒಟ್ಟಿಗೆ ಆಡಿದವರು.

ಚಲುವನಿಗೆ ಚಿಕ್ಕಂದಿನಿಂದಲೂ ಉಬ್ಬಸ. ಮೋಡ ಕವಿದರೆ ಸಾಕು, ಎದೆಯೊಳಗೆ ಗೊರಗೊರ ಸದ್ದು ಶುರು.

"ಏನೋ, ಎದೇಲಿ ಬೆಕ್ಕು ಸಾಕಿದ್ದೀಯಾ?" ಎಂದು ಜವರ ರೇಗಿಸುವನು.

"ನಿನ್ನಂಥ ಇಲಿ ಓಡಾಡೋ ಕಡೆ ಬೆಕ್ಕು ಬೇಡ್ವೇನೋ?" ಎಂದು ಇವನು.

ಉಸಿರು ಕಟ್ಟಿದಾಗ ಚಲುವ ದೊಣ್ಣೆ ಕೆಳಗಿಟ್ಟು ಕೂರುವನು. ಜವರನೂ ಪಕ್ಕದಲ್ಲಿ ಕೂತು ಬೆನ್ನು ನೀವುವನು. ಉಸಿರು ಹದಕ್ಕೆ ಬಂದ ಮೇಲೆ ಇಬ್ಬರೂ ಎದ್ದು ಮತ್ತೆ ಮೊದಲಿನಿಂದ ಆಡುವರು. ಅದರಲ್ಲಿ ಅವರಿಗೆ ಏನು ಸುಖವಿತ್ತೋ, ಶಿವನೇ ಬಲ್ಲ. ಬೆಳಗಾದರೆ ಸಾಕು, ಗರಡಿಯ ಕಡೆಗೇ ಕಾಲು ಎಳೆಯುತ್ತಿತ್ತು.

ಒಂದು ಬೆಳಿಗ್ಗೆ ಚಲುವ ಜವರನನ್ನು ಕರೆಯಲು ಅವನ ಮನೆಗೆ ಹೋದ. ಜವರ ಇನ್ನೂ ಹೊಳೆಯಿಂದ ಬಂದಿರಲಿಲ್ಲ. ಅವನ ತಾಯಿ ಸಣ್ಣಮ್ಮ ಬಾಗಿಲಿಗೆ ಬಂದು ಅತ್ತ ಇತ್ತ ನೋಡಿದಳು.

"ಮಗಾ, ಒಂದು ಮಾತು ಹೇಳ್ತೀನಿ. ನಾನು ಹೇಳ್ದೆ ಅಂತ ಅವನಿಗೆ ಹೇಳ್ಬ್ಯಾಡ."

"ಏನವ್ವಾ?"

"ಅವನಿಗೆ ಎದೆ ಬಡಿತ ತಪ್ತದೆ ಕಣಪ್ಪ. ಹುಟ್ಟಿದಾಗಿಂದ ಹಂಗೇ. ಪಂಡಿತರೂ ಹೇಳವ್ರೆ. ಒಂದೊಂದ್ಸಲ ಕಣ್ಣು ಕತ್ಲೆ ಬಂದು ಬಿದ್ದೋಯ್ತಾನೆ. ನೀನೇ ಜ್ವಾಪಾನ ಮಾಡಪ್ಪ. ನಂಗೆ ಇರೋನು ಅವನೊಬ್ನೇ."

ಚಲುವನಿಗೆ ಆರು ವರ್ಷದಿಂದ ತಾನು ಬೀಸಿದ ಏಟುಗಳೆಲ್ಲ ಒಮ್ಮೆಗೇ ನೆನಪಾದವು.

ಅಷ್ಟರಲ್ಲಿ ಜವರ ಒದ್ದೆ ಪಂಚೆ ಹಿಂಡುತ್ತ ಬಂದ. "ಏನೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನಡಿ ನಡಿ, ಹೊತ್ತಾಯ್ತು."

ಚಲುವ ನಡೆದ. ಆ ಗುಟ್ಟು ಅವನಿಗೆ ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಜೋಡಿಗಳು ಆಡುವ ವರಸೆಯಲ್ಲಿ ಒಬ್ಬನದು ಹನ್ನೆರಡು ಏಟು, ಇನ್ನೊಬ್ಬನದು ಹನ್ನೆರಡು ತಡೆ. ಬಾಯಲ್ಲಿ ಎಣಿಸುತ್ತ ಆಡಬೇಕು. ದೊಣ್ಣೆಯನ್ನು ನೋಡುವಂತಿಲ್ಲ, ಎದುರಿಗಿರುವವನ ಕಣ್ಣನ್ನೇ ನೋಡಬೇಕು. ಎಣಿಕೆಗೆ ಸರಿಯಾಗಿ ಏಟು ಬರುತ್ತದೆ ಎಂಬ ನಂಬಿಕೆಯ ಮೇಲೆ ತಡೆಯುವವನು ದೊಣ್ಣೆ ಎತ್ತುತ್ತಾನೆ.

ಅಂದಿನಿಂದ ಚಲುವನಿಗೆ ಜವರನ ಕಣ್ಣಿನಲ್ಲಿ ಕಾಣುತ್ತಿದ್ದುದು ಒಂದೇ. ಈಗ ಮಂಜಾಯಿತೇ? ತುಟಿ ಬಿಳಚಿತೇ? ಬೆವರು ಹೆಚ್ಚಾಯಿತೇ? ಎಣಿಕೆ ನಾಲ್ಕು ಎನ್ನುವಾಗ ಇವನು ಮನಸ್ಸಿನಲ್ಲಿ, ಅಯ್ಯೋ ದೇವರೇ, ಐದಕ್ಕೆ ಬೀಳದಿರಲಿ ಎನ್ನುತ್ತಿದ್ದ.

ಏಟು ತಾನಾಗಿಯೇ ಮೆತ್ತಗಾಯಿತು.

"ಗಂಜಿ ಕುಡಿದು ಬಂದಿದ್ದೀಯೇನೋ? ಸರಿಯಾಗಿ ಹೊಡಿಯೋ!" ಎಂದ ಜವರ.

"ಭುಜ ಹಿಡ್ಕೊಂಡಿದೆ ಕಣೋ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಚಲುವ ನಕ್ಕ. 

ಹತ್ತು ದಿನ ಹೀಗೇ ಹೋಯಿತು. ಅನ್ನ ಸೇರದು, ನಿದ್ದೆ ಬಾರದು. ಜವರ ಬರುವುದು ಸ್ವಲ್ಪ ತಡವಾದರೂ ಜೀವ ಬಾಯಿಗೆ ಬರುವುದು. ಬಂದ ಮೇಲೆ ಇನ್ನೊಂದು ಸಂಕಟ, ಇವತ್ತು ನನ್ನ ಕೈಯಲ್ಲೇ ಏನಾದರೂ ಆಗಿಬಿಟ್ಟರೆ? ಸಣ್ಣಮ್ಮನಿಗೆ ಯಾವ ಮುಖ ತೋರಿಸಲಿ?

ಗುರುಗಳು ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಒಂದು ದಿನ ಕರೆದರು.

"ಚಲುವ, ದೊಣ್ಣೆ ಭಾರವಾಯಿತೇನಪ್ಪ?"

"ಇಲ್ಲ ಗುರುಗಳೇ."

"ಹಾಗಾದರೆ ಅದರ ಜೊತೆ ಇನ್ನೇನೋ ಹೊತ್ಕೊಂಡು ಬರ್ತಿದ್ದೀಯ. ಬಾಗಿಲ ಹೊರಗೆ ಇಟ್ಟು ಬಾ."

ಇಡುವುದಾದರೂ ಎಲ್ಲಿ? ಚಲುವ ತಲೆ ತಗ್ಗಿಸಿಕೊಂಡು ಬಂದ.

ಮಾರನೆಯ ದಿನ ಬಾಗಿಲಿನಿಂದ ಚುರುಕು ಬಿಸಿಲು ಒಳಗೆ ಬೀಳುತ್ತಿತ್ತು. ಐದು ಆಯಿತು, ಆರು ಆಯಿತು. ಏಳನೆಯದು ತಲೆಯ ಏಟು. ಬೀಸಿದ ಗಳಿಗೆಯಲ್ಲೇ ಜವರನ ಕಣ್ಣೆವೆ ಪಟಪಟ ಬಡಿದ ಹಾಗೆ ಕಂಡಿತು. ಬಿಸಿಲಿಗೋ, ಬೆವರಿಗೋ, ಇವನಿಗೆ ಅದನ್ನು ಯೋಚಿಸುವ ವ್ಯವಧಾನ ಎಲ್ಲಿಯದು? ದೊಣ್ಣೆಯನ್ನು ನಡುದಾರಿಯಲ್ಲೇ ಹಿಂದಕ್ಕೆಳೆದ.

ಜವರನ ತಡೆ ಮೇಲೆದ್ದಿತು. ತಾಗಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಅವನ ದೊಣ್ಣೆ ಗಾಳಿಯಲ್ಲಿ ಹಾರಿಹೋಯಿತು, ಮೈ ಮುಂದಕ್ಕೆ ಮುಗ್ಗರಿಸಿತು. ಚಲುವ ಅರ್ಧಕ್ಕೆ ನಿಲ್ಲಿಸಿದ ದೊಣ್ಣೆಗೆ ಅವನ ಹಣೆ ಹೋಗಿ ಬಡಿಯಿತು.

ರಕ್ತ ಹುಬ್ಬಿನಿಂದ ಕೆನ್ನೆಗೆ ಇಳಿಯಿತು.

"ಅಯ್ಯೋ! ಜವರಾ!" ಎಂದು ಚಲುವ ಕೂಗಿಕೊಂಡ. ಕಾಯಲು ಹೊರಟವನೇ ಗಾಯ ಮಾಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗುರುಗಳು ಬಂದು ಅರಿಸಿನ ಒತ್ತಿ ಬಟ್ಟೆ ಕಟ್ಟಿದರು. ಜವರ ನೋವು ಎನ್ನಲಿಲ್ಲ, ಬೈಯಲಿಲ್ಲ. ಚಲುವನ ಮುಖವನ್ನೇ ನೋಡುತ್ತ ಕೂತ.

"ಓ, ನಿನಗೆ ಗೊತ್ತಾಗಿಬಿಡ್ತಾ?" ಎಂದ.

ಎದ್ದು ಮನೆಗೆ ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಚಲುವ ಕಸ ಗುಡಿಸಿದ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದ. ಸಂಜೆ ತಡೆಯಲಾರದೆ ಗುರುಗಳ ಕಾಲಿಗೆ ಬಿದ್ದ.

"ಗುರುಗಳೇ, ಜವರನನ್ನು ಗರಡಿ ಬಿಡಿಸಿಬಿಡಿ."

"ಕಟ್ಟಳೆ ಗೊತ್ತಿದೆ ತಾನೇ? ಅವನು ಬಿಟ್ಟರೆ ನೀನೂ ಬಿಟ್ಟ ಹಾಗೆ."

"ಬಿಡ್ತೀನಿ." ಆ ಮಾತು ಹೇಳುವಾಗ ಅವನಿಗೆ ಅಳು ಬಂತು. "ಈ ಮಣ್ಣು ಬಿಟ್ಟು ನನಗೆ ಇನ್ನೇನೂ ಗೊತ್ತಿಲ್ಲ. ಆದರೂ ಬಿಡ್ತೀನಿ. ಅವನಿಗೆ ಎದೆ ಬಡಿತ ತಪ್ಪುತ್ತಂತೆ ಗುರುಗಳೇ. ಅವನು ಸಾಯೋದು ನಾನು ನೋಡಲಾರೆ."

ಗುರುಗಳು ಗೋಡೆಗೆ ಒರಗಿಸಿದ್ದ ದೊಣ್ಣೆ ತೆಗೆದುಕೊಂಡರು. ಎಪ್ಪತ್ತು ದಾಟಿದ ಮುದುಕ.

"ಏಳು. ವರಸೆ ಹಿಡಿ."

"ಈಗಲೇ?"

"ನಾನು ಹೊಡಿತೀನಿ. ನೀನು ತಡಿ."

ಚಲುವ ಕಣ್ಣೊರೆಸಿಕೊಂಡು ನಿಂತ. ಒಂದು, ಎರಡು, ಮೂರು. ಮುದುಕನ ಏಟು ಮೊಳೆ ಹೊಡೆದ ಹಾಗೆ ಬರುತ್ತಿತ್ತು. ನಾಲ್ಕಕ್ಕೆ ಚಲುವನ ಎದೆ ಗೊರಗುಟ್ಟತೊಡಗಿತು. ಐದಕ್ಕೆ ಅವನು ತಡೆ ಬೀಸಿದ.

ಏಟು ಬರಲಿಲ್ಲ.

ಅವನು ಮುಗ್ಗರಿಸಿ ಮುಖ ಅಡಿಯಾಗಿ ಮಣ್ಣಿಗೆ ಬಿದ್ದ. ಬಾಯಿ ತುಂಬ ಕೆಂಪು ಮಣ್ಣು.

"ಏಳು. ಮೊದಲಿಂದ."

ಎರಡನೆಯ ಸಲವೂ ಎದೆ ಗೊರಗುಟ್ಟಿದ ಕೂಡಲೇ ಗುರುಗಳು ದೊಣ್ಣೆ ಹಿಂದಕ್ಕೆಳೆದರು. ಮತ್ತೆ ಬಿದ್ದ. ಮೂರನೆಯ ಸಲವೂ ಬಿದ್ದ. ಈ ಸಲ ಎದ್ದವನಿಗೆ ಗುರು ಎಂಬುದೂ ಮರೆತುಹೋಗಿತ್ತು.

"ಹೊಡೆಯೋದಾದ್ರೆ ಹೊಡೀರಿ! ನನ್ನನ್ನು ಏನು ಅಂದ್ಕೊಂಡಿದ್ದೀರಿ?"

"ರೋಗಿ ಅಂದ್ಕೊಂಡೆ."

ಚಲುವನ ಮೈಯೆಲ್ಲ ಉರಿಯಿತು. ಆರು ವರ್ಷದಲ್ಲಿ ಈ ಗರಡಿಯಲ್ಲಿ ಯಾರೂ ಅವನಿಗೆ ಆ ಮಾತು ಅಂದಿರಲಿಲ್ಲ. ಗೊರಗುಟ್ಟುವ ಎದೆಗೆ ಜವರ ಒಂದು ದಿನವೂ ಏಟು ತಗ್ಗಿಸಿರಲಿಲ್ಲ. ಕೂತಾಗ ಜೊತೆಗೆ ಕೂತಿದ್ದ, ಎದ್ದಾಗ ಪೂರ್ತಿ ಹೊಡೆದಿದ್ದ.

ಗುರುಗಳು ದೊಣ್ಣೆ ಕೆಳಗಿಟ್ಟು ಕೂತರು.

"ಜವರ ಸೇರಿದ ದಿನವೇ ನನಗೆ ಎಲ್ಲ ಹೇಳಿದ. ನಾನೇ ಪಂಡಿತರ ಹತ್ತಿರ ಹೋಗಿ ಕೇಳಿದೆ. ಆಡಲಿ, ಕಣ್ಣು ಮಂಜಾದ ತಕ್ಷಣ ಕೂರಲಿ ಅಂದರು. ಆರು ವರ್ಷದಲ್ಲಿ ಒಂಬತ್ತು ಸಲ ಕೂತಿದ್ದಾನೆ."

"ನಾನು ನೋಡೇ ಇಲ್ಲ!"

"ನೋಡಿದ್ದೀಯ. ಕಚ್ಚೆ ಸಡಿಲವಾಯ್ತು ಅಂತ ಕೂತು ಕಟ್ಟಿಕೊಳ್ತಿದ್ದನಲ್ಲ?"

ಚಲುವನಿಗೆ ನೆನಪಾಯಿತು. ಕಚ್ಚೆ ಕಟ್ಟೋಕೂ ಬರಲ್ವೇನೋ ಎಂದು ತಾನು ನಕ್ಕದ್ದೂ ನೆನಪಾಯಿತು. ನಾಚಿಕೆಯಿಂದ ಕುಗ್ಗಿಹೋದ.

"ಎಲ್ಲರಿಗೂ ಮುಚ್ಚಿಟ್ಟನೇ?"

"ನಿನಗೊಬ್ಬನಿಗೆ. ಗೊತ್ತಿದ್ದವರ ಬಾಯಿಗೆಲ್ಲ ಬೀಗ ಹಾಕಿಸಿದ. ಚಲುವನಿಗೆ ಹೇಳಬೇಡಿ ಗುರುಗಳೇ, ಗೊತ್ತಾದರೆ ಅವನು ನನಗೆ ಹೊಡೆಯೋದಿಲ್ಲ ಅಂದ."

ಹೊರಗೆ ಹೊಳೆ ಹರಿಯುವ ಸದ್ದು ಕೇಳುತ್ತಿತ್ತು. ಚಲುವ ದೊಣ್ಣೆಯನ್ನು ಗೋಡೆಗೆ ಒರಗಿಸಿ ಮನೆಗೆ ಹೋದ.

ಮೂರನೆಯ ಬೆಳಿಗ್ಗೆ ಜವರ ಬಂದ. ಹಣೆಯ ಮೇಲೆ ಪಟ್ಟಿ. ಚಲುವನ ಕಡೆ ನೋಡದೆ ದೊಣ್ಣೆ ತೆಗೆದುಕೊಂಡು ಮಣ್ಣಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ.

"ಅವ್ವ ಹೇಳಿದ್ಲಾ?" ಎಂದ.

"ಹೂಂ. ಬೈಬೇಡ ಕಣೋ ಅವಳನ್ನ."

"ಬೈಯೋದಕ್ಕೆ ಏನಿದೆ? ತಾಯಿ ಕರುಳು." ಜವರ ಈಗ ತಲೆಯೆತ್ತಿದ. "ನೋಡು ಚಲುವ, ಬುಟ್ಟಿ ತಗೊಳ್ಳೋರು ಮರುಕ ಪಡ್ತಾರೆ. ನೆಂಟರು ಮರುಕ ಪಡ್ತಾರೆ. ಮದುವೆಗೆ ಹೆಣ್ಣು ಕೇಳಿದ್ರೆ ಅಯ್ಯೋ ಪಾಪ ಅಂತಾರೆ. ದಿನಕ್ಕೆ ಒಂದು ಹೊತ್ತು, ಈ ಮಣ್ಣಿನ ಮೇಲೆ, ನೀನೊಬ್ಬ ಮಾತ್ರ ನನ್ನನ್ನು ಗಂಡಸು ಅಂತ ಹೊಡಿತಿದ್ದೆ. ಹೊಡಿಯೋಕಾಗುತ್ತಾ, ಹೇಳು. ಆಗಲ್ಲ ಅಂದ್ರೆ ಇಬ್ಬರೂ ಈಗಲೇ ಮನೆಗೆ ಹೋಗೋಣ. ನನಗೇನೂ ಕೋಪ ಇಲ್ಲ."

ಕೋಪವಿಲ್ಲ ಎಂದವನು ದೊಣ್ಣೆ ಮಾತ್ರ ಕೆಳಗಿಡಲಿಲ್ಲ.

ಚಲುವ ಎದುರಿಗೆ ನಿಂತ.

"ಒಂದು ಮಾತು ಕೊಡು. ಕಣ್ಣು ಮಂಜಾದ್ರೆ ಕೂತ್ಬಿಡ್ಬೇಕು. ಕಚ್ಚೆ ಗಿಚ್ಚೆ ಅಂತ ಸುಳ್ಳು ಹೇಳಬಾರದು."

"ಕೂರ್ತೀನಿ."

"ನಾನೂ ಜೊತೆಗೆ ಕೂರ್ತೀನಿ."

"ಕೂರು. ಯಾರು ಬೇಡ ಅಂದ್ರು?"

ಎಣಿಕೆ ಶುರುವಾಯಿತು. ಒಂದು. ಎರಡು. ಚಲುವನ ದೊಣ್ಣೆ ಹೋಯಿತು, ತಾಗಿತು. ಮೂರು. ನಾಲ್ಕು. ಆದರೆ ಭಯ ಎಲ್ಲಿಗೂ ಹೋಗಿರಲಿಲ್ಲ. ಐದು. ಆರು. ಮುಂದಿನದು ಏಳು, ತಲೆಯ ಏಟು. ಅವನ ದೊಣ್ಣೆ ಮೇಲೆದ್ದು ಅಲ್ಲೇ ನಿಂತುಬಿಟ್ಟಿತು.

ಎದುರಿಗೆ ಜವರ ಕಣ್ಣು ಕದಲಿಸದೆ ಕಾಯುತ್ತಿದ್ದ. ಹಣೆಯ ಪಟ್ಟಿಯ ಕೆಳಗೆ ಬೆವರು ಇಳಿಯುತ್ತಿತ್ತು.

ಚಲುವ ಜವರನಿಂದ ಕಣ್ಣು ತೆಗೆಯದೆಯೇ ಕೂಗಿದ. 

"ಗುರುಗಳೇ! ಇವನು ಬಿದ್ದುಬಿಟ್ಟರೆ?"

ಗುರುಗಳು ಕೂತಲ್ಲಿಂದ ಏಳಲಿಲ್ಲ.

"ಬಿದ್ದರೆ ಎತ್ತಿಕೊಳ್ಳೋಕೆ ನಿನಗೆ ಎರಡು ಕೈ ಇದೆಯಲ್ಲೋ. ಬೀಳೋತನಕ ಅವೆರಡೂ ದೊಣ್ಣೆ ಮೇಲಿರಲಿ. ಏಳು ಅನ್ನು."