ನಲವತ್ತೇಳನೇ ನಂಬರಿನ ಅವ್ವ

ಕೂತ್ಕಳ್ಳಿ, ಕಾಲು ಚಾಚ್ಕಳ್ಳಿ. ಈ ಕತೇಲಿ ಸಾಸಿವೆ ಕಾಳಷ್ಟು ಸುಳ್ಳಿದ್ರೆ, ಅದು ಒಗ್ಗರಣೆಗೆ ಅಂತ ತಿಳ್ಕಳ್ಳಿ. ಮಿಕ್ಕಿದ್ದೆಲ್ಲ ನಡೆದದ್ದೇ.

ಹೊಸಕೆರೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಸಾಕಮ್ಮ ಅಂತ ಒಬ್ಳು ತಾಯಿ. ಅವಳಿಗೆ ಮೈತುಂಬ ಸಕ್ಕರೆ ಕಾಯಿಲೆ, ಮನೆತುಂಬ ಒಬ್ನೇ ಮಗ, ಕಾಳಿಂಗ. ಸಕ್ಕರೆ ಕಾಯಿಲೆಗೆ ಸೂಜಿಮದ್ದಿತ್ತು. ಕಾಳಿಂಗನಿಗೆ ಮದ್ದಿರ್ಲಿಲ್ಲ.

ವಯಸ್ಸು ಮೂವತ್ತು. ಬಾಗಿಲಲ್ಲಿ ನಿಂತ್ರೆ ಮನೆ ಕತ್ತಲಾಗ್ಬೇಕು, ಅಂಥ ಆಳು. ಹೇಳಿದ ಮಾತು ಒಂದನ್ನೂ ಮೀರೋನಲ್ಲ. ಬಂದ ಕಷ್ಟವೇ ಅದು. ಒಂದ್ಸಲ "ಬಾಗಿಲು ನೋಡ್ಕೊಂಡಿರು" ಅಂದಿದ್ಲು. ನೋಡ್ಕೊಂಡೇ ಇದ್ದ. ಕಳ್ಳ ಹಿತ್ಲಿಂದ ಬಂದು, ಹಂಡೆ ಹೊತ್ಕೊಂಡು, "ವಸಿ ಜರುಗಣ್ಣ" ಅಂತ ಹೇಳಿ ಅದೇ ಬಾಗಿಲಲ್ಲೇ ಹೋದ.

"ನಿನ್ನಂಥೋನು ಯಾರಿಗ್ ಬೇಕ್ಲಾ!" ಅಂತ ಸಾಕಮ್ಮ ಹಣೆ ಚಚ್ಕೊಳ್ಳೋಳು. ದಿನಕ್ಕೆ ಇಪ್ಪತ್ತು ಸಲ. ಅವನು ತಲೆ ಆಡಿಸೋನು, ನೆನಪಲ್ಲಿ ಇಟ್ಕೊಳ್ಳೋನು.

ಮಗಳು ಅಳಿಯಾನೂ ಅದೇ ಮನೇಲಿದ್ರು. ಒಂದ್ಸಲ ಅಳಿಯ ಮನೆಮಂದಿಗೆಲ್ಲ ಗಿರಿಗಿಟ್ಲೆ ಪಾರ್ಕಿಗೆ ಟಿಕೀಟು ತೆಗೆದ. ಆಕಾಶಕ್ಕೆ ಎಸೆಯೋದು, ನೀರಿಗೆ ಜಾರಿಸೋದು, ತಲೆಕೆಳಗೆ ತಿರುಗಿಸೋದು, ಎಲ್ಲಾ ಇರೋ ಪಾರ್ಕು. ಬಸ್ಸಲ್ಲಿ ಒಂದು ಗಂಟೆ ದಾರಿ. ಇನ್ನು ನಾಕು ದಿನಕ್ಕೆ ಹೊರಡ್ಬೇಕು ಅನ್ನೋವಾಗ ಮೊಮ್ಮಗಳು ಚಂದ್ರಿಗೆ ಸೀತಾಳೆ ಸಿಡುಬು ಎದ್ತು. ಐದು ವರ್ಷದ ಕೂಸು, ಬೇವಿನ ಸೊಪ್ಪಿನ ಮೇಲೆ ಮಲಗಿ ತುತ್ತು ಒಲ್ಲೆ, ಗುಟುಕು ಒಲ್ಲೆ ಅಂತು. ಮಗಳು ಅಳಿಯ ಅದರ ಹತ್ರ ಉಳಿದ್ರು. ಟಿಕೀಟು ಮಾತ್ರ ವಾಪಸ್ ತಗೊಳ್ಳಲ್ವಂತೆ. ಸರಿ, ಅವ್ವ ಮಗ ಇಬ್ರೇ ಹೊರಟ್ರು.

"ಅಜ್ಜಿ, ಅಲ್ಲಿಂದ ನಂಗೇನಾರ ತತ್ತೀಯಾ?" ಅಂತು ಕೂಸು.

"ತಂದೇ ತತ್ತೀನಿ ಕಂದ. ಬರಿಗೈಲಿ ಬಂದ್ರೆ ನಾನು ನಿನ್ನಜ್ಜಿನೇ ಅಲ್ಲ."

ಮಾತು ಕೊಟ್ಟಾಗಿತ್ತು. ಸೆರಗಿನ ಗಂಟಲ್ಲಿ ಇದ್ದದ್ದು ಇನ್ನೂರು ರೂಪಾಯಿ.

ಪಾರ್ಕಿನ ಒಳಕ್ಕೆ ಹೊರಗಿನ ಊಟ ಬಿಡಲ್ಲ. ಕಾಯಿಲೆಯೋರಿಗೆ ಮಾತ್ರ ಬಿಡ್ತಾರೆ. ಸಾಕಮ್ಮನ ಚೀಲದಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಸಮಯಕ್ಕೆ ಸರಿಯಾಗಿ ತಿನ್ಲಿಲ್ಲ ಅಂದ್ರೆ ಕಣ್ಣು ಕತ್ತಲೆ ಬತ್ತದೆ. ಅದಕ್ಕೆ ಬಸ್ಸಲ್ಲೇ ಮಗನಿಗೆ ಬುದ್ಧಿ ಹೇಳಿದ್ಲು.

"ಗೇಟಲ್ಲಿ ಏನ್ ಕೇಳಿದ್ರೂ, ನಮ್ಮವ್ವಂಗೆ ಸಕ್ಕರೆ ಕಾಯಿಲೆ ಅಂತ ಹೇಳು."

"ಹೂನವ್ವ."

ಗೇಟಿನೋನು ಕೇಳ್ದ, "ಎಷ್ಟು ಜನ?"

"ನಮ್ಮವ್ವಂಗೆ ಸಕ್ಕರೆ ಕಾಯಿಲೆ."

"ಅಯ್ಯೋ ಪಾಪ. ಯಾವೂರು?"

"ನಮ್ಮವ್ವಂಗೆ ಸಕ್ಕರೆ ಕಾಯಿಲೆ."

"ಅದು ಗೊತ್ತಾಯ್ತಪ್ಪ. ನಡೀತಾರಾ?"

"ನಮ್ಮವ್ವಂಗೆ ಸಕ್ಕರೆ ಕಾಯಿಲೆ!" ಅಂತ ಕಾಳಿಂಗ ಜೋರಾಗಿ ಅಂದ. ಇವನಿಗೆ ಕಿವಿ ಕೇಳಲ್ಲ ಅಂದ್ಕೊಂಡ.

ಗೇಟಿನೋನ ಕಣ್ಣಲ್ಲಿ ನೀರು. ಓಡಿಹೋಗಿ ಗಾಲಿಕುರ್ಚಿ ತಂದ. ಸಾಕಮ್ಮ, "ನಾನು ಬೆಳಗ್ಗೆ ಎರಡು ಕೊಡ ನೀರು ಹೊತ್ತವಳು ಕಣಪ್ಪ" ಅಂತಿದ್ದಂಗೇ ನಾಲ್ಕು ಜನ ಹಿಡಿದು ಕೂರಿಸಿದ್ರು. ಕಾಳಿಂಗ ತಳ್ಳಿದ. ಬೀಸಣಿಗೆ ಹಿಡಿಯೋಕೂ ಒಬ್ರು ಬಂದಿದ್ರಂತೆ.

"ಊರಿಗೆಲ್ಲ ಡಂಗುರ ಹೊಡಿ ಅಂದ್ನೇನ್ಲಾ?" ಅಂತ ಸಾಕಮ್ಮ ಕೂತಲ್ಲೇ ಉಗಿದ್ಲು. "ಬಸ್ಸಲ್ಲಿ ಕೈಗೆ ಕೊಟ್ಟ ಸೂಜಿಮದ್ದಿನ ಬಾಟ್ಲಿ ಎಲ್ಲಿ?"

ಕಾಳಿಂಗ ಮುಷ್ಟಿ ಬಿಚ್ಚಿದ. ಭದ್ರವಾಗಿತ್ತು. ಬಸ್ ಹತ್ತಿದಾಗಿಂದ ಮುಷ್ಟೀಲೇ ಬೆಂದು ಬಿಸಿ ಟೀ ಆಗಿತ್ತು. ಪುಣ್ಯಕ್ಕೆ ಸಾಕಮ್ಮನ ಬ್ಯಾಗಲ್ಲಿ ಇನ್ನೊಂದಿತ್ತು.

"ಕೆಟ್ಟೋಯ್ತು ನೋಡು! ಕೈಗೆ ಕೊಟ್ಟದ್ನ ಹಿಂಗೆ ತತ್ತಾರಾ? ಟವೆಲ್ ಒದ್ದೆ ಮಾಡಿ, ಚೆನ್ನಾಗಿ ಸುತ್ತಿ, ತಂಪಾಗಿ ತರ್ಬೇಕು! ನಿನ್ನಂಥೋನು ಯಾರಿಗ್ ಬೇಕ್ಲಾ!"

"ಇನ್ಮೇಲೆ ಹಂಗೇ ಮಾಡ್ತೀನವ್ವ."

ಅಂಗಡಿ ಸಾಲಿಗೆ ಬಂದ್ರು. ಗಾಜಿನೊಳಗೆ ಬೊಂಬೆ, ಟೋಪಿ, ಲೋಟ. ಬೆಲೆ ನೋಡಿದ್ಲು ಸಾಕಮ್ಮ. ಸಕ್ಕರೆ ಇಳೀತು. ಒಂದು ಕರಡಿ ಬೊಂಬೆ ದುಡ್ಡಲ್ಲಿ ನಿಜವಾದ ಕುರಿಮರಿ ಬತ್ತದೆ!

"ಹೋಗ್ಲಾ, ಅಗೋ ಅಲ್ಲಿ ಬೊಂಬಾಯಿ ಮಿಠಾಯಿ ಮಾರ್ತಾವ್ನೆ. ಕೂಸಿಗೆ ಒಂದು ತಕ್ಕಂಬಾ."

ಗುಲಾಬಿ ಬಣ್ಣದ್ದು, ಹತ್ತಿಯಂಗೆ ಹಗುರ, ಅವನ ತಲೆಗಿಂತ ದೊಡ್ಡದು. ಕಾಳಿಂಗ ನಲ್ಲಿ ಹುಡುಕ್ದ. ಟವೆಲ್ ಒದ್ದೆ ಮಾಡ್ದ. ಚೆನ್ನಾಗಿ ಸುತ್ತಿದ. ತಂಪಾಗಿ ತಂದ. ಅವ್ವನ ಮುಂದೆ ಬಿಚ್ಚಿದ. ಒಂದು ಕಡ್ಡಿ ಇತ್ತು.

"ಮಿಠಾಯಿ ಎಲ್ಲೋ?"

"ಟವೆಲಲ್ಲಿದೆ ಅವ್ವ. ಹಿಂಡ್ಲಾ?"

"ಥೂ! ಅಂಥದ್ನ ಬಿಗಿಯಾಗಿ ಸುತ್ತಬಾರ್ದು, ಅದುಮಬಾರ್ದು! ಎರಡು ಬೆರಳ ತುದೀಲಿ, ಹಿಡಿದೂ ಹಿಡೀದಂಗೆ, ಮೇಲಕ್ಕೆತ್ಕೊಂಡು ಬರ್ಬೇಕು! ನಿನ್ನಂಥೋನು ಯಾರಿಗ್ ಬೇಕ್ಲಾ!"

"ಇನ್ಮೇಲೆ ಹಂಗೇ ಮಾಡ್ತೀನವ್ವ."

ಸಾಕಮ್ಮ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಟ್ಲು. ಗ್ಯಾಸ್ ಬಲೂನು, ಮೊಲದ ಆಕಾರದ್ದು. ಕಾಳಿಂಗ ದಾರಾನ ಎರಡು ಬೆರಳ ತುದೀಲಿ ಹಿಡ್ದ. ಹಿಡಿದೂ ಹಿಡೀದಂಗೆ. ಮೇಲಕ್ಕೆತ್ತಿದ. ಮೊಲ ಅವನಿಗಿಂತ ಮೇಲಕ್ಕೆತ್ತಿತು.

ಅವ್ವ ಮಗ ಇಬ್ರೂ ಕತ್ತೆತ್ತಿ ನೋಡಿದ್ರು. ಮೊಲ ತಿರುಗೋ ದೊಡ್ಡ ತೊಟ್ಲು ದಾಟ್ತು, ಮರ ದಾಟ್ತು. ಆವತ್ತು ಸಂಜೆ ಮೈಸೂರಿನ ಕಡೆ ಹೋಗೋ ವಿಮಾನದ ಡ್ರೈವರು ಹಾರನ್ ಹೊಡೆದ ಅಂತಾರೆ.

"ಚೆನ್ನಾಗಿ ಹೋಯ್ತವ್ವ."

"ಹೋಯ್ತು ಕಣ್ಲಾ ಹೋಯ್ತು! ಮೇಲೇಳೋ ಅಂಥದ್ನ ಬಿಡ್ತಾರಾ? ಎರಡೂ ಕೈಲಿ ಎಳೆದು, ಬಿಗಿಯಾಗಿ ಕುರ್ಚಿಗೆ ಕಟ್ಟಬೇಕು! ಏನೇ ಆದ್ರೂ ಮೇಲೇಳೋಕೆ ಬಿಡಬಾರ್ದು! ನಿನ್ನಂಥೋನು ಯಾರಿಗ್ ಬೇಕ್ಲಾ!"

"ಇನ್ಮೇಲೆ ಹಂಗೇ ಮಾಡ್ತೀನವ್ವ."

ಈ ಸಲ ಸಾಕಮ್ಮ ತಾನೇ ಹೋಗಿ ವ್ಯಾಪಾರ ಮಾಡಿದ್ಲು. ಮಣ್ಣಿನ ಗಿಣಿ, ಬಾಲದಲ್ಲಿ ಊದಿದ್ರೆ ಪೀ ಅಂತದೆ. ಎಂಬತ್ತು ಹೇಳಿದ್ನ ನಲವತ್ತಕ್ಕೆ ತಂದ್ಲು. ಗೆದ್ದೆ ಅಂದ್ಕೊಂಡು ಕುರ್ಚೀಲಿ ಕೂತು ಗಿಣೀನ ಮಗನ ಕೈಗೆ ಕೊಟ್ಲು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯೋರಿಗೆ ಗೊತ್ತಿರೋ ಅವಸರ ಬಂತು. ಬಂದ್ರೆ ತಡ್ಕೊಳ್ಳೋ ಅಂಥದ್ದಲ್ಲ ಅದು.

"ಹಿಡ್ಕೊಂಡಿರ್ಲಾ, ನಾನು ಹೋಗ್ಬತ್ತೀನಿ" ಅಂತ ಸಾಕಮ್ಮ ಮೇಲೆದ್ಲು.

ಮೇಲೆದ್ಲು! ಕಾಳಿಂಗ ಬಿಡ್ತಾನಾ? ಗಿಣೀನ ಬೆಂಚಿನ ಮೇಲಿಟ್ಟ. ಎರಡೂ ಕೈಲಿ ಎಳೆದ. ಗುಲಾಬಿ ಟವೆಲಲ್ಲಿ ಬಿಗಿಯಾಗಿ ಕುರ್ಚಿಗೆ ಕಟ್ದ.

"ಬಿಚ್ಲಾ!"

"ಬಿಡಬಾರ್ದವ್ವ."

"ಅವಸರ ಕಣ್ಲಾ!"

"ಹಾರೋಗ್ತೀಯವ್ವ."

ಸಾಕಮ್ಮ ಕೂಗಿದ ಕೂಗಿಗೆ ತಲೆಕೆಳಗಾಗಿ ತಿರುಗ್ತಿದ್ದೋರು ನೆಟ್ಟಗಾದ್ರು. ಕಸ ಗುಡಿಸೋ ಹೆಂಗಸೊಬ್ಳು ಓಡಿಬಂದು ಗಂಟು ಬಿಚ್ಚಿದ್ಲು. ಸಾಕಮ್ಮ ಹೋದ ವೇಗ ನೋಡಿ ಗೇಟಿನೋನು, "ಗಾಲಿಕುರ್ಚಿ ಯಾಕೆ ಬೇಕಿತ್ತು ಈಯಮ್ಮಂಗೆ?" ಅಂದ.

ಮಾನ ಉಳೀತು. ಗಿಣಿ ಉಳೀಲಿಲ್ಲ. ಕೋತಿಯೊಂದು ಬೆಂಚಿಂದ ಎತ್ಕೊಂಡು, ದೊಡ್ಡ ತೊಟ್ಲಿನ ತುದಿಗೆ ಹೋಗಿ ಕೂತ್ಕೊಂಡು ಪೀ ಅಂತ ಊದ್ತಿತ್ತು. ಊದಿದ್ದು ಒಗ್ಗರಣೆ ಇರ್ಬೋದು. ಎತ್ಕೊಂಡು ಹೋಗಿದ್ದು ನಿಜ.

ಸಾಕಮ್ಮನಿಗೆ ಅಳು ಬಂತು. ಸೆರಗಿನ ಗಂಟಲ್ಲಿ ಉಳಿದದ್ದು ಬಸ್ ಚಾರ್ಜು. ಮನೇಲಿ ಕೂಸು ಬಾಗಿಲ ಕಡೆ ನೋಡ್ತಾ ಮಲಗಿದೆ.

"ಕೇಳ್ಲಾ. ಕಳ್ಕೊಬಾರದ ವಸ್ತು ಅಂತಿದ್ರೆ, ಅಗೋ ಆ ಸಾಮಾನು ಕೋಣೇಲಿ ಇಟ್ಟು ಟೋಕನ್ ಇಸ್ಕೊಬೇಕು. ಟೋಕನ್ ಕೈಲಿದ್ರೆ ವಸ್ತು ಕೈಲಿದ್ದಂಗೆ. ಆಮೇಲೆ ನೆಮ್ಮದಿಯಾಗಿ ಎಲ್ಲಿಗೆ ಬೇಕಾದ್ರೂ ಹೋಗ್ಬೋದು. ನಿನ್ನಂಥೋನು..." ಅಂತ ಅರ್ಧಕ್ಕೇ ಬಿಟ್ಟು ಚೀಲ ಬಿಚ್ಚಿದ್ಲು.

ಸೂಜಿ ಚುಚ್ಕೊಂಡ್ಲು. ರೊಟ್ಟಿ ತಿಂದ್ಲು. ಬಿಸಿಲಿಗೆ ಮುಖದ ಮೇಲೆ ಶಾಲು ಎಳ್ಕೊಂಡು ಕುರ್ಚೀಲೇ ನಿದ್ದೆ ಹೋದ್ಲು.

ಎದ್ದಾಗ ಸುತ್ತ ಬ್ಯಾಗು. ಎಡಕ್ಕೆ ಸೂಟ್‌ಕೇಸು, ಬಲಕ್ಕೆ ಹೆಲ್ಮೆಟ್ಟು. ತನ್ನ ಮಣಿಕಟ್ಟಿಗೆ ದಾರ, ದಾರಕ್ಕೆ ಚೀಟಿ: ನಲವತ್ತೇಳು.

"ಯಾರಪ್ಪಾ ಅಲ್ಲಿ?"

ಸಾಮಾನು ಕೋಣೆಯ ನಂಜುಂಡಿ ಮೊಬೈಲಲ್ಲಿ ಕ್ರಿಕೆಟ್ ನೋಡ್ತಿದ್ದೋನು ಬೆಚ್ಚಿಬಿದ್ದ. "ಸಾಮಾನು ಮಾತಾಡ್ತದಲ್ಲ!"

"ನನ್ ಮಗ ಎಲ್ಲಿ?"

"ಇಟ್ಟು ಹೋದ್ರು ತಾಯಿ. ಶಾಲು ಮುಚ್ಚಿತ್ತು, ಹಾಸಿಗೆ ಸುರುಳಿ ಅಂದ್ಕೊಂಡು ಚೀಟಿ ಕಟ್ದೆ."

"ಸರಿ, ಹೋಗ್ತೀನಿ ಬಿಡು."

"ಟೋಕನ್?"

"ನಾನೇ ಇಲ್ಲಿದ್ದೀನಲ್ಲಪ್ಪ!"

"ಇದ್ದೀರಿ, ಇಲ್ಲ ಅನ್ನಲ್ಲ. ರಿಜಿಸ್ಟರಲ್ಲೂ ಇದ್ದೀರಿ. ಟೋಕನ್ ಇಲ್ದೆ ಬಿಟ್ರೆ, ಆಮೇಲೆ ಅವ್ರು ಬಂದು ನಮ್ಮವ್ವನ್ನ ಕೊಡಿ ಅಂದ್ರೆ ನಾನು ಎಲ್ಲಿಂದ ತರ್ಲಿ?"

ಸಾಕಮ್ಮ ಅವನ ಮುಖ ನೋಡಿದ್ಲು. ನನ್ನ ಮಗ ಒಬ್ನೇ ಅಲ್ಲ ಲೋಕದಲ್ಲಿ ಅಂತ ಒಂದು ಸಮಾಧಾನ ಆಯ್ತು. ಮಗಳಿಗೆ ಫೋನ್ ಹಚ್ಚಿದ್ಲು.

"ಅವ್ವಾ! ಎಲ್ಲಿದ್ದೀಯ?" ಅಂದ್ಲು ಮಗಳು. "ಅಣ್ಣ ಒಬ್ನೇ ಬಂದವ್ನೆ. ಅವ್ವ ಎಲ್ಲಿ ಅಂದ್ರೆ, ಕೈಲೇ ಅವ್ಳೆ ಅಂತ ಟೋಕನ್ ತೋರಿಸ್ತಾನೆ!"

"ಅದ್ನ ತಗೊಂಡು ಬೇಗ ಬರಾಕೇಳು!"

"ಅದೇ ಕಷ್ಟ ಕಣವ್ವ. ಕೆಂಪಗೆ ದುಂಡಗಿದೆ, ಮೇಲೆ ಗಿರಿಗಿಟ್ಲೆ ಚಿತ್ರ ಐತೆ. ಅಜ್ಜಿ ಕಳ್ಸವ್ಳೆ ಅಂತ ಚಂದ್ರಿ ಕಿತ್ಕೊಂಡ್ಲು. ನಾಕು ದಿನದಿಂದ ತುತ್ತು ಮುಟ್ಟದೋಳು, ಅದ್ನ ಹಿಡ್ಕೊಂಡು ಒಂದು ಬಟ್ಟಲು ಗಂಜಿ ಕುಡುದ್ಲು. ಹಲ್ಲು ಬಿಟ್ಟು ನಗ್ತಾವ್ಳೆ. ಹೆಂಗೆ ಇಸ್ಕೊಳ್ಳಲಿ?"

ಸಾಕಮ್ಮ ಮನಸ್ಸಲ್ಲೇ ಲೆಕ್ಕ ಹಾಕಿದ್ಲು. ಕರಗದೆ, ಹಾರದೆ, ಕೋತಿ ಪಾಲಾಗದೆ ಮನೆ ಸೇರಿದ ಸಾಮಾನು ಇದೊಂದೇ. ಅದೂ ತಾನು ಕೊಂಡದ್ದಲ್ಲ.

ಕೊನೆಗೆ ಕಾಳಿಂಗ ಕೂಸಿನ ತಲೆ ಮುಟ್ಟಿ, "ಅಜ್ಜೀನ ಬಿಡಿಸ್ಕೊಂಡು, ಇಂಥದ್ದೇ ಇನ್ನೊಂದು ತತ್ತೀನಿ" ಅಂತ ಆಣೆ ಮಾಡಿ, ಟೋಕನ್ ಇಸ್ಕೊಂಡು, ಪಾರ್ಕಿನ ಗೇಟು ಹಾಕೋ ಹೊತ್ತಿಗೆ ಬಂದ. ನಂಜುಂಡಿ ನಂಬರ್ ತಾಳೆ ನೋಡಿ ಸಾಕಮ್ಮನ್ನ ಈಚೆಗೆ ಕೊಟ್ಟ.

"ಅಪ್ಪಾ, ಕೂಸಿಗೆ ಹುಷಾರಿಲ್ಲ. ಒಂದು ಟೋಕನ್ ಕೊಡು" ಅಂದ್ಲು ಸಾಕಮ್ಮ.

"ಮಾರಂಗಿಲ್ಲ ತಾಯಿ. ಏನಾದ್ರೂ ಇಟ್ರೆ ಕೊಡ್ತೀನಿ."

ಚೀಲದಲ್ಲಿ ಮದ್ದು. ಅದು ಬೇಕು. ಶಾಲು, ಅದೂ ಬೇಕು. ಬಸ್ಸಿಗೆ ಹೊತ್ತಾಯ್ತು. ಸಾಕಮ್ಮ ರೇಗಿ ಮಗನ ಕಡೆ ತಿರುಗಿದ್ಲು.

"ನಿಂತ್ಕೊಂಡು ಏನ್ ನೋಡ್ತೀಯ? ಯಾರಿಗೂ ಬೇಡದ್ದು ಏನಾರ ಇದ್ರೆ ಇಟ್ಟು, ಟೋಕನ್ ಇಸ್ಕೊಳ್ಳಾ!"

ಕಾಳಿಂಗ ಒಂದು ಗಳಿಗೆ ಯೋಚ್ನೆ ಮಾಡ್ದ. ಮೊಖ ಅರಳ್ತು. ಕಟ್ಟೆ ಹತ್ತಿ ಆಚೆಗೆ ಇಳಿದ. ಸೂಟ್‌ಕೇಸ್ ಜರುಗಿಸಿ ಅಟ್ಟಣಿಗೆ ಮೇಲೆ ಕೂತ. ಕೈ ಚಾಚಿದ. ನಂಜುಂಡಿ ಚೀಟಿ ಕಟ್ದ: ನಲವತ್ತೆಂಟು.

ಸಾಕಮ್ಮ ಟೋಕನ್ ನೋಡಿದ್ಲು. ಮಗನ್ನ ನೋಡಿದ್ಲು. ಕಡೇ ಬಸ್ಸು ಹಾರನ್ ಹೊಡೀತು.

"ಹುಷಾರು ಕಣ್ಲಾ" ಅಂದ್ಲು, ಅವತ್ತು ಮೊದಲನೇ ಸಲ ಮೆತ್ತಗೆ. "ಟೋಕನ್ ತರದೆ ಯಾರು ಕರೆದ್ರೂ ಹೋಗ್ಬೇಡ."

"ಹೂನವ್ವ."

ಟೋಕನ್ ಮನೆ ಸೇರ್ತು. ಕೂಸು ಅದನ್ನ ದಿಂಬಿನ ಕೆಳಗಿಟ್ಕೊಂಡು ಮಲಗ್ತು. ಬೆಳಗ್ಗೆ ಎದ್ದು ಎರಡು ಇಡ್ಲಿ ತಿಂತು. ಟೋಕನ್ ಮಾತ್ರ ಕೊಡಲ್ಲ ಅಂತು.

ಸಾಕಮ್ಮ ಬರಿಗೈಲೇ ಪಾರ್ಕಿಗೆ ಓಡಿದ್ಲು. ನಂಜುಂಡಿ ದೂರದಿಂದ್ಲೇ ಕೈ ಮುಗಿದ. "ತಾಯಿ, ಟೋಕನ್ ಬೇಡ, ಏನೂ ಬೇಡ. ಹದಿನೆಂಟು ಇಡ್ಲಿ ತಿಂದವ್ನೆ. ನಿಮ್ ಸಾಮಾನು ತಗೊಂಡೋಗಿ!"

ಸಾಕಮ್ಮ ಒಳಗೆ ಹೋದ್ಲು. ಕಾಳಿಂಗ ಅಟ್ಟಣಿಗೆ ಮೇಲೆ, ಹೆಲ್ಮೆಟ್ಟಿನ ಪಕ್ಕ, ಕಾಲು ಮಡಚ್ಕೊಂಡು ಕೂತಿದ್ದ.

"ಬಾ ಮಗ, ಮನೆಗೆ ಹೋಗಾನ."

ಕಾಳಿಂಗ ಅವ್ವನ ಎರಡೂ ಕೈ ನೋಡ್ದ. ಖಾಲಿ. ಬರಲ್ಲ ಅಂತ ತಲೆ ಆಡಿಸ್ದ.

"ಯಾರಮ್ಮ ನೀನು? ನಮ್ಮವ್ವ ಟೋಕನ್ ತತ್ತಾಳೆ."

ಮಗ ಅಟ್ಟಣಿಗೆ ಮೇಲೆ, ಟೋಕನ್ ಕೂಸಿನ ದಿಂಬಿನ ಕೆಳಗೆ, ಕತೆ ಇನ್ನು ನಿಮ್ಮ ಹೆಗಲ ಮೇಲೆ. ಜೋಪಾನವಾಗಿ ಹೊತ್ಕೊಂಡು ಹೋಗಿ. ಟವೆಲ್ ಒದ್ದೆ ಮಾಡ್ಬೇಡಿ.