ಕೊನೆಯ ಆಟದ ಪೆನಾಲ್ಟಿ

"ಗುರುಗಳೇ, ಬರುವ ತಿಂಗಳು ನಾನು ಬೇರೆ ಮಠಕ್ಕೆ ಹೋಗುವವನು. ಬಿಟ್ಟುಹೋಗುವ ಜಾಗದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಏನು ಮಾಡಲಿ?" ಎಂದು ಚನ್ನವೀರ ಕೇಳಿದ. ಅವನು ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಶಿಷ್ಯ.

"ಅದು ಈಚೆಗೆ ನಿನ್ನ ಸಾರಿನಲ್ಲೇ ಗೊತ್ತಾಗುತ್ತಿದೆ. ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಗೋಲು ಹೊಡೆಯುವುದು ಅವನ ಕಸುಬು. ದೊಡ್ಡ ಹೆಸರೇನೂ ಇರಲಿಲ್ಲ. ಒಂದು ಕ್ಲಬ್ಬಿನಲ್ಲಿ ಒಂದು ವರ್ಷ, ಹೆಚ್ಚೆಂದರೆ ಎರಡು. ಮತ್ತೆ ಗಂಟುಮೂಟೆ ಕಟ್ಟಿ ಇನ್ನೊಂದೂರು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವುದನ್ನೇ ಅವನ ಹೆಂಡತಿ ಬಿಟ್ಟಿದ್ದಳು.

ವಯಸ್ಸಾಗುತ್ತ ಬಂತು. "ಬರುವ ವರ್ಷ ನೀನು ಬೇಡ" ಎಂದು ಅವನ ಕ್ಲಬ್ಬು ಹೇಳಿಬಿಟ್ಟಿತು. ಪುಣ್ಯಕ್ಕೆ ಇನ್ನೊಂದು ಕ್ಲಬ್ಬು ಅವನನ್ನು ತೆಗೆದುಕೊಳ್ಳಲು ಒಪ್ಪಿತು. ಈ ತಂಡದ ಅಂಗಿ ತೊಟ್ಟಿರುವಾಗಲೇ ಮುಂದಿನ ಅಂಗಿಗೆ ಸಹಿ ಹಾಕುವುದು ಆ ಕಸುಬಿನಲ್ಲಿ ವಾಡಿಕೆ. ಷರತ್ತು ಒಂದೇ: ಹೊಸ ಕ್ಲಬ್ಬು ಮೇಲಿನ ದರ್ಜೆಯಲ್ಲಿ ಉಳಿಯಬೇಕು. ವರ್ಷದ ಕೊನೆಗೆ ಪಟ್ಟಿಯ ತಳಕ್ಕೆ ಬಿದ್ದು ಕೆಳದರ್ಜೆಗೆ ಇಳಿದರೆ ಕರಾರು ರದ್ದು.

ಅವನ ಗ್ರಹಚಾರ ನೋಡು, ವರ್ಷದ ಕೊನೆಯ ಆಟ ಆ ಎರಡು ಕ್ಲಬ್ಬುಗಳ ನಡುವೆಯೇ ಬಿತ್ತು. ಎರಡರಲ್ಲಿ ಒಂದು ಕೆಳಗಿಳಿಯಲೇಬೇಕು. ಅವನ ತಂಡ ಗೆದ್ದರೆ ಎದುರಿನ ತಂಡ ಇಳಿಯುತ್ತದೆ. ಆಟ ಸಮವಾದರೆ ಅವನ ತಂಡವೇ ಇಳಿಯುತ್ತದೆ.

ಎರಡೂ ಕಡೆಗೆ ಒಂದೊಂದು ಗೋಲಾಗಿತ್ತು. ಆಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ರೆಫರಿ ಸೀಟಿ ಊದಿದ. ಅವನ ತಂಡಕ್ಕೆ ಪೆನಾಲ್ಟಿ. ಪೆನಾಲ್ಟಿ ಹೊಡೆಯುವವನು ಯಾವಾಗಲೂ ಅವನೇ. ಕರಾರಿನ ಸಂಗತಿ ಎಲ್ಲರಿಗೂ ಗೊತ್ತಿತ್ತು.

ತಂಡದ ನಾಯಕ ಹತ್ತಿರ ಬಂದ. "ಅಣ್ಣಾ, ಚೆಂಡು ನಂಗೆ ಕೊಡು, ನಾನು ಹೊಡೀತೀನಿ. ಯಾರೂ ನಿನ್ನ ಏನೂ ಅನ್ನಲ್ಲ."

"ಇನ್ನೂ ಆಟ ಮುಗಿದಿಲ್ಲ ಕಣೋ. ಸರಿ ಆ ಕಡೆ."

ಬಾಯಲ್ಲಿ ಹಾಗಂದ, ಆದರೆ ಚೆಂಡನ್ನು ಒಮ್ಮೆ ಇಟ್ಟವನು ಮತ್ತೆ ಎತ್ತಿ ಇಟ್ಟ. ಹೊಸ ಊರಿನಲ್ಲಿ ಹೆಂಡತಿ ಆಗಲೇ ಮನೆ ನೋಡಿಟ್ಟಿದ್ದಳು. ಎದುರಿಗೆ ನಿಂತ ಗೋಲ್‌ಕೀಪರ್ ಬರುವ ವರ್ಷ ಅವನ ಜೊತೆಗೇ ಆಡಬೇಕಾದವನು. ಚೆಂಡನ್ನು ಒಂದಿಷ್ಟು ಹೊರಗೆ ಹೊಡೆದರೆ ಸಾಕು, ಕೇಳುವವರಿಲ್ಲ. ಎಂಥೆಂಥ ಆಟಗಾರರ ಪೆನಾಲ್ಟಿಯೂ ತಪ್ಪಿದ್ದುಂಟು. ಅವನಿಗೆ ಬಹಳ ಹೆದರಿಕೆಯಾಯಿತು. ಓಡಿ ಬಂದು ಹೊಡೆದ.

ಗೋಲಾಯಿತು. ಅವನ ಕ್ಲಬ್ಬು ಮೇಲೆಯೇ ಉಳಿಯಿತು. ಅವನನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಇನ್ನೊಂದು ಕ್ಲಬ್ಬು ಇಳಿಯಿತು, ಕರಾರು ರದ್ದಾಯಿತು. ಮತ್ತೆ ಯಾವ ತಂಡವೂ ಅವನನ್ನು ಕರೆಯಲಿಲ್ಲ.

ಗುರುಗಳು ಅಲ್ಲಿಗೇ ಕತೆ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ.

"ಇದೆಂಥ ಅನ್ಯಾಯ ಗುರುಗಳೇ! ಬಿಟ್ಟುಹೋಗುವ ತಂಡಕ್ಕೆ ಅಷ್ಟೆಲ್ಲ ಮಾಡಿ ಅವನಿಗೆ ಸಿಕ್ಕಿದ್ದೇನು?"

"ಹಾಗೆ ಕೇಳಿದ ಗಳಿಗೆಯಲ್ಲೇ ನೀನು ಚೆಂಡನ್ನು ಹೊರಗೆ ಹೊಡೆದೆ, ಚನ್ನವೀರ."