ಹದ ಬರುವ ಮೊದಲು

ನೆರೆ ಇಳಿದ ಮೂರನೇ ದಿನವೇ ನೇಗಿಲು ಹೊಳೆದಂಡೆಯ ಮೆಕ್ಕಲುಮಣ್ಣಿನ ಹೊಲಕ್ಕೆ ಬಂದು ನಿಂತಿತು. "ಮೇಲಿನ ಮರಳುಹೊಲ ಆಗಲೇ ಒಣಗಿ, ಉಳುಮೆಯೂ ಮುಗಿಯಿತು. ನೀನಿನ್ನೂ ಒದ್ದೆಯಾಗೇ ಇದ್ದೀಯಲ್ಲ," ಎಂದು ಗದರಿತು.

"ನನ್ನೊಳಗಿನ ನೀರು ನಿಧಾನಕ್ಕೆ ಇಳಿಯುತ್ತದಪ್ಪ. ಎಂಟು ದಿನ ತಾಳು," ಎಂದಿತು ಮಣ್ಣು.

ನೇಗಿಲು ತಾಳಲಿಲ್ಲ, ಒಂದು ಸಾಲು ಎಳೆದೇಬಿಟ್ಟಿತು. ಎರಡೇ ದಿನದ ಬಿಸಿಲಿಗೆ ಆ ಸಾಲು ಇಟ್ಟಿಗೆಯಂತೆ ಗಟ್ಟಿಯಾಯಿತು. ನಾಚಿ ಬದುವಿನ ಮೇಲೆ ಮಲಗಿದ್ದ ನೇಗಿಲನ್ನು ಎಂಟು ದಿನ ಕಳೆದ ಮೇಲೆ ಮಣ್ಣೇ ಎಬ್ಬಿಸಿತು: "ಏಳಪ್ಪ, ಹದ ಬಂದಿದೆ."

ಹೊಲವೆಲ್ಲ ಹಸಿರಾಯಿತು, ಆ ಒಂದು ಸಾಲಿನಲ್ಲಿ ಮಾತ್ರ ಏನೂ ಮೊಳೆಯಲಿಲ್ಲ. ಬೈದಿದ್ದರೆ ನೇಗಿಲಿಗೆ ಎಷ್ಟೋ ಹಗುರಾಗುತ್ತಿತ್ತು, ಮಣ್ಣು ಆ ಮಾತೇ ಎತ್ತಲಿಲ್ಲ.

ಮರುವರ್ಷ ನೆರೆ ಇಳಿದಾಗ ನೇಗಿಲು ಬದುವಿನಲ್ಲೇ ನಿಂತು ಮೆಲ್ಲಗೆ ಕೇಳಿತು: "ಅವ್ವಾ, ಬರಲೇ, ಇನ್ನೆರಡು ದಿನ ಮಲಗುತ್ತೀಯಾ?"